ಉಪವಾಸ, ಲಂಘನ ಮತ್ತು ದೇಹದ ತೂಕ

ಶ್ರಾವಣ ಮಾಸ ಸಮೀಪಿಸುತ್ತಿದ್ದಂತೆ ಪೀಣ್ಯದ ನನ್ನ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರು ಪ್ರತಿ ವರ್ಷವೂ ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಸೋಮವಾರದ ಉಪವಾಸವನ್ನು ಹೇಗೂ ಮಾಡುತ್ತೇವೆ, ಅದರೊಂದಿಗೆ ವಾರದಲ್ಲಿ ಇನ್ನೂ ಎರಡು ದಿನ ಸೇರಿಸಿಕೊಂಡರೆ ಹೊಟ್ಟೆಯ ಬೊಜ್ಜು ಕರಗುವುದೇ ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವವರಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ತಾಯಂದಿರಿದ್ದಾರೆ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ಗಳಲ್ಲಿ ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕುಳಿತಿರುವ ಅವರ ಮಕ್ಕಳೂ ಇದ್ದಾರೆ. ಈಚೆಗೆ ಹದಿನಾರು ಗಂಟೆ ಹಸಿದಿದ್ದು ಎಂಟು ಗಂಟೆಯೊಳಗೆ ಉಣ್ಣುವ ಪದ್ಧತಿಯೂ ಮೊಬೈಲಿನ ಮೂಲಕ ಮನೆಮನೆಗೆ ತಲುಪಿದೆ. ಆದುದರಿಂದ ಈ ತಿಂಗಳು ಉಪವಾಸ ಮತ್ತು ತೂಕದ ಸಂಬಂಧವನ್ನು ಶಾಸ್ತ್ರ, ಆಧುನಿಕ ವೈದ್ಯವಿಜ್ಞಾನ ಹಾಗೂ ಸ್ವಂತ ಅನುಭವ ಈ ಮೂರರ ಬೆಳಕಿನಲ್ಲಿ ವಿವೇಚಿಸೋಣ.

ಬೊಜ್ಜು ಎಂದು ಯಾವಾಗ ಹೇಳಬೇಕು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನವರಲ್ಲಿ, ಸ್ತ್ರೀಯರಾಗಲಿ ಪುರುಷರಾಗಲಿ, ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚಾಗಿದೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ ಭಾರತೀಯರಲ್ಲಿ 23 ಆದರೆ ಅಧಿಕ ತೂಕವೆಂದೂ 25 ಆದರೆ ಬೊಜ್ಜೆಂದೂ ನಮ್ಮ ದೇಶದ ತಜ್ಞರು ನಿಗದಿ ಮಾಡಿದ್ದಾರೆ. 165 ಸೆಂ.ಮೀ. ಎತ್ತರವಿರುವವರಿಗೆ 63 ಕಿಲೋ ಮುಟ್ಟಿದರೆ ಎಚ್ಚರಿಕೆ, 68 ಕಿಲೋ ಮೀರಿದರೆ ಬೊಜ್ಜು. ತಕ್ಕಡಿ ಇಲ್ಲದವರು ಅಳತೆಪಟ್ಟಿಯಿಂದ ಸೊಂಟದ ಸುತ್ತಳತೆಯನ್ನು ನೋಡಿಕೊಳ್ಳಬಹುದು. ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮವರ ದೇಹಲಕ್ಷಣ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹೆಚ್ಚು ದಾರಿ ಮಾಡಿಕೊಡುವುದು ಈ ಹೊಟ್ಟೆಯ ಕೊಬ್ಬೇ.

ಶಾಸ್ತ್ರ ಹೇಳುವ ಲಂಘನ

ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲ ಶರೀರದ ಎಂಟು ದೋಷಗಳನ್ನು ಹೇಳುತ್ತದೆ. ಆಯುಷ್ಯ ಕುಗ್ಗುವುದು, ಚಲನೆ ನಿಧಾನವಾಗುವುದು, ದೌರ್ಬಲ್ಯ, ಅತಿ ಬೆವರು, ಅತಿ ಹಸಿವು, ಅತಿ ಬಾಯಾರಿಕೆ ಮುಂತಾದವು ಅವುಗಳಲ್ಲಿ ಸೇರಿವೆ. ಅತಿ ಹಸಿವಿನ ಕಾರಣವನ್ನೂ ಅಲ್ಲಿಯೇ ವಿವರಿಸಲಾಗಿದೆ. ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚಿದಾಗ ವಾಯುವು ಹೊಟ್ಟೆಯಲ್ಲಿಯೇ ಸುಳಿದಾಡಿ ಜಠರಾಗ್ನಿಯನ್ನು ಊದುತ್ತದೆ. ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ. ಸ್ಥೂಲಕಾಯರು ಬರಿಯ ಹೊಟ್ಟೆಯಲ್ಲಿ ಇರಲಾರದೆ ಒದ್ದಾಡುವುದು ಕೇವಲ ಮನೋದೌರ್ಬಲ್ಯವಲ್ಲ ಎಂಬುದನ್ನು ಪ್ರಾಚೀನರು ಅರಿತಿದ್ದರು.

ಅದಕ್ಕಾಗಿಯೇ ಇಂಥವರಿಗೆ ಚರಕರು ಹೇಳುವ ಮುಖ್ಯ ಉಪಾಯ ಆಹಾರತ್ಯಾಗವಲ್ಲ. ಹೊಟ್ಟೆಗೆ ಭಾರವಾಗಿ ನಿಂತು ಹಸಿವನ್ನು ತಡೆಯುವ, ಆದರೆ ಕೊಬ್ಬನ್ನು ಬೆಳೆಸದ ಆಹಾರವನ್ನು ಕೊಡಬೇಕೆಂಬುದು ಅವರ ಮತ. ಜವೆಗೋಧಿ, ನವಣೆ, ಹಾರಕ, ಜೋಳ, ಹೆಸರು, ಹುರುಳಿ, ತೊಗರಿ, ಪಡವಲ, ನೆಲ್ಲಿ ಇವು ಅಲ್ಲಿಯ ಪಟ್ಟಿಯಲ್ಲಿವೆ. ಕಲಬುರಗಿ, ರಾಯಚೂರು, ಹಾವೇರಿ ಕಡೆಯಿಂದ ಪೀಣ್ಯಕ್ಕೆ ಬಂದು ನೆಲೆಸಿ, ಜೋಳದ ರೊಟ್ಟಿಯನ್ನು ಬಿಟ್ಟು ಮೂರು ಹೊತ್ತೂ ಅನ್ನ, ಇಡ್ಲಿ, ಬನ್ನು ತಿನ್ನುವುದನ್ನು ರೂಢಿಸಿಕೊಂಡವರು ಈ ಪಟ್ಟಿಯನ್ನು ಗಮನಿಸಬೇಕು.

22ನೆಯ ಅಧ್ಯಾಯದಲ್ಲಿ ಲಂಘನದ ವಿವರಣೆಯಿದೆ. ದೇಹವನ್ನು ಹಗುರಗೊಳಿಸುವುದೆಲ್ಲವೂ ಲಂಘನವೇ. ವಮನ, ವಿರೇಚನ, ಬಸ್ತಿ, ನಸ್ಯವೆಂಬ ನಾಲ್ಕು ಶೋಧನಗಳು, ಬಾಯಾರಿಕೆಯನ್ನು ತಡೆಯುವುದು, ಗಾಳಿ, ಬಿಸಿಲು, ಪಾಚನ, ಉಪವಾಸ ಮತ್ತು ವ್ಯಾಯಾಮ ಹೀಗೆ ಅದು ಹತ್ತು ವಿಧ. ಉಪವಾಸವು ಹತ್ತರಲ್ಲಿ ಒಂದು ಮಾತ್ರ. ವ್ಯಾಯಾಮವೂ ಅದರ ಪಕ್ಕದಲ್ಲಿಯೇ ನಿಂತಿದೆ. ಲಂಘನವೇ ಪರಮೌಷಧ ಎಂಬ ಮಾತನ್ನು ನಾವು ಎಲ್ಲದಕ್ಕೂ ಅನ್ವಯಿಸುತ್ತೇವೆ. ಆದರೆ ಅದು ಮುಖ್ಯವಾಗಿ ಹೊಸ ಜ್ವರದಲ್ಲಿಯೂ ಅಜೀರ್ಣದಲ್ಲಿಯೂ ಅನುಸರಿಸಬೇಕಾದ ನಿಯಮ. ಹಲವು ವರ್ಷಗಳಿಂದ ಸೇರಿದ ಮೇದಸ್ಸಿಗೆ ನಾಲ್ಕು ದಿನದ ಲಂಘನ ಸಾಲದು.

ಹಸಿದ ದಿನ ಶರೀರದಲ್ಲಿ ನಡೆಯುವುದೇನು?

ಊಟವಾದ ಕೆಲವು ಗಂಟೆಗಳ ನಂತರ ಶರೀರವು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡತೊಡಗುತ್ತದೆ. ಆ ಸಂಗ್ರಹ ಸುಮಾರು 100 ಗ್ರಾಂ. ಒಂದು ದಿನದ ಉಪವಾಸದಲ್ಲಿ ಅದು ಬಹುಮಟ್ಟಿಗೆ ತೀರುತ್ತದೆ. ಅದು ಕರಗುತ್ತಾ ಹೋದಂತೆ ಕೊಬ್ಬು ಉರಿಯುವ ಪ್ರಮಾಣ ಹೆಚ್ಚುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅದು ಕರಗಿದಾಗ ನೀರೂ ಹೊರಹೋಗುತ್ತದೆ. ಉಪವಾಸದ ಮರುದಿನ ತಕ್ಕಡಿ ಕಡಿಮೆ ತೋರಿಸುವುದಕ್ಕೆ ಇದೂ ಒಂದು ಕಾರಣ. ಎರಡು ದಿನ ಉಂಡೊಡನೆ ಆ ನೀರು ಮರಳಿ ಬರುತ್ತದೆ.

ನಿಜವಾಗಿ ಕರಗುವ ಕೊಬ್ಬಿನ ಲೆಕ್ಕ ಸರಳ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿ ಶಕ್ತಿಯಿರುತ್ತದೆ. ದಿನಕ್ಕೆ 2,000 ಕಿಲೋ ಕ್ಯಾಲೊರಿ ಉಣ್ಣುವವರು ಒಂದು ದಿನ ಏನನ್ನೂ ತಿನ್ನದೆ ಉಳಿದರೆ ಹೆಚ್ಚೆಂದರೆ ಕಾಲು ಕಿಲೋ ಕೊಬ್ಬು ಕರಗೀತು. ಅದೂ ಮರುದಿನ ಹೆಚ್ಚು ಉಣ್ಣದಿದ್ದರೆ ಮಾತ್ರ. ಇನ್ನು ನಮ್ಮ ಮನೆಗಳ ಫಲಾಹಾರವನ್ನು ನೋಡಿ. 100 ಗ್ರಾಂ ಸಾಬಕ್ಕಿಯಲ್ಲಿ ಸುಮಾರು 350, ಅದಕ್ಕೆ ಹಾಕುವ 50 ಗ್ರಾಂ ಶೇಂಗಾದಲ್ಲಿ ಸುಮಾರು 280, ಜೊತೆಗೆ ಎರಡು ಬಾಳೆಹಣ್ಣಿನಲ್ಲಿ ಸುಮಾರು 200 ಕಿಲೋ ಕ್ಯಾಲೊರಿ. ಎಣ್ಣೆಯನ್ನೂ ಸಂಜೆಯ ಸಿಹಿ ಹಾಲನ್ನೂ ಸೇರಿಸಿದರೆ ಅದು ಎರಡು ಊಟಕ್ಕೆ ಸಮ. ಭಕ್ತಿಯ ದೃಷ್ಟಿಯಿಂದ ಅದು ಉಪವಾಸವಾಗಿರಬಹುದು, ತೂಕದ ದೃಷ್ಟಿಯಿಂದ ಅಲ್ಲ.

ಹದಿನಾರು ಗಂಟೆಯ ಪದ್ಧತಿಯನ್ನು ಕುರಿತು ಒಂದು ಅಧ್ಯಯನವನ್ನು ಉಲ್ಲೇಖಿಸಬೇಕು. ಚೀನಾದ ಗುವಾಂಗ್‌ಝೌ ನಗರದ ವೈದ್ಯರು ಬೊಜ್ಜುಳ್ಳ 139 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡೂ ಗುಂಪಿಗೆ ಆಹಾರದ ಪ್ರಮಾಣವನ್ನು ಸಮನಾಗಿ ತಗ್ಗಿಸಲಾಗಿತ್ತು. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ಉಣ್ಣಬೇಕಿತ್ತು, ಇನ್ನೊಂದಕ್ಕೆ ಹೊತ್ತಿನ ಕಟ್ಟುಪಾಡಿರಲಿಲ್ಲ. ಮೊದಲನೆಯವರು ಸರಾಸರಿ 8 ಕಿಲೋ, ಎರಡನೆಯವರು 6.3 ಕಿಲೋ ಇಳಿದರು. ಈ ಅಂತರವು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದೆಂದು ಸಂಖ್ಯಾಶಾಸ್ತ್ರದ ಲೆಕ್ಕ ತೋರಿಸಿತು. ತೂಕವನ್ನು ಮುಖ್ಯವಾಗಿ ಇಳಿಸಿದ್ದು ಆಹಾರದ ಮಿತಿ. ಹೊತ್ತಿನ ನಿಯಮವು ಆ ಮಿತಿಯನ್ನು ಪಾಲಿಸಲು ಕೆಲವರಿಗೆ ನೆರವಾಗುವ ಒಂದು ಊರುಗೋಲು.

ಸ್ವಂತ ಅನುಭವ

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ತೂಕ 84 ಕಿಲೋ, ಎತ್ತರ 167 ಸೆಂ.ಮೀ., ಸೊಂಟ 102 ಸೆಂ.ಮೀ. ಇತ್ತು. ರಕ್ತದಲ್ಲಿ ಸಕ್ಕರೆಯ ಕಾಯಿಲೆ ಇಲ್ಲವೆಂದು ಪರೀಕ್ಷಿಸಿಕೊಂಡ ನಂತರ ಪ್ರತಿ ಸೋಮವಾರ ಲಂಘನವನ್ನು ಆರಂಭಿಸಿದೆ. ಪೂಜೆಯ ನಂತರ ಬಿಸಿನೀರು, ಮಧ್ಯಾಹ್ನ ಶುಂಠಿ ಜೀರಿಗೆ ಹಾಕಿದ ತಿಳಿ ಮಜ್ಜಿಗೆ, ರಾತ್ರಿ 7 ಗಂಟೆಗೆ ಒಂದು ಬಟ್ಟಲು ಹೆಸರುಬೇಳೆಯ ಕಟ್ಟು, ಇಷ್ಟೇ ಆಹಾರ. ಅನುಭವವನ್ನು ಪ್ರತಿ ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ.

ಮೊದಲ ಎರಡು ಸೋಮವಾರ ಮಧ್ಯಾಹ್ನ ತಲೆನೋವು ಬಂದಿತು. ಅದು ಹಸಿವಿನಿಂದಲ್ಲ, ಬೆಳಗಿನ ಕಾಫಿ ತಪ್ಪಿದ್ದರಿಂದ. ಹಸಿವು 11 ಗಂಟೆಗೆ ತೀವ್ರವಾಗಿ, ಒಂದು ಗಂಟೆಯೊಳಗೆ ತಾನಾಗಿಯೇ ತಗ್ಗುತ್ತಿತ್ತು. ಸಂಜೆ 5ಕ್ಕೆ ಮತ್ತೆ ಬರುತ್ತಿತ್ತು. ಮೂರನೆಯ ವಾರದಿಂದ ಶರೀರ ಇದಕ್ಕೆ ಒಗ್ಗಿತು. ಮೊದಲ ತಿಂಗಳಲ್ಲಿ 3 ಕಿಲೋ, ಎರಡನೆಯ ತಿಂಗಳಲ್ಲಿ 1 ಕಿಲೋ ಇಳಿಯಿತು. ಮೂರನೆಯ ತಿಂಗಳಲ್ಲಿ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಬರೆದಿಟ್ಟದ್ದನ್ನು ತಿರುವಿ ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ಸೋಮವಾರ ಉಳಿದದ್ದನ್ನು ಮಂಗಳವಾರ ಮತ್ತು ಬುಧವಾರದ ಊಟಗಳು ತುಂಬಿಕೊಳ್ಳುತ್ತಿದ್ದವು. ಹಸಿದ ಶರೀರ ಕಳೆದುಕೊಂಡದ್ದನ್ನು ಹೇಗಾದರೂ ಮರಳಿ ಪಡೆಯಲು ಹವಣಿಸುತ್ತದೆ, ಅದು ಶರೀರಧರ್ಮ.

ನಾಲ್ಕನೆಯ ತಿಂಗಳಿನಿಂದ ಉಳಿದ ಆರು ದಿನಗಳಿಗೂ ಒಂದು ಕ್ರಮ ಬಂದಿತು. ರಾತ್ರಿಯ ಊಟ 7.30ರ ಒಳಗೆ, ಅನ್ನದ ಪ್ರಮಾಣ ಅರ್ಧ, ಮಧ್ಯಾಹ್ನ ಎರಡು ಜೋಳದ ರೊಟ್ಟಿಯೊಡನೆ ಹುರುಳಿಯ ಅಥವಾ ಹೆಸರುಕಾಳಿನ ಪಲ್ಯ, ಬೆಳಗ್ಗೆ 45 ನಿಮಿಷ ವೇಗದ ನಡಿಗೆ. ವರ್ಷ ತುಂಬುವ ಹೊತ್ತಿಗೆ ತೂಕ 75 ಕಿಲೋಗೆ, ಸೊಂಟ 91 ಸೆಂ.ಮೀ.ಗೆ ಬಂದಿತು. ಅಂದಿನಿಂದ ತೂಕ 74ರಿಂದ 76ರ ನಡುವೆ ನಿಂತಿದೆ. ಇಳಿದ 9 ಕಿಲೋದಲ್ಲಿ ಸೋಮವಾರದ ಪಾಲು ಕಡಿಮೆ, ಉಳಿದ ಆರು ದಿನಗಳ ಪಾಲು ಹೆಚ್ಚು. ಸೋಮವಾರ ಕೊಟ್ಟದ್ದು ಬೇರೊಂದು ಲಾಭ. ನಿಜವಾದ ಹಸಿವು ಯಾವುದು, ಚಹಾದ ಹೊತ್ತಿಗೆ ಬರುವ ಬಾಯಿಚಪಲ ಯಾವುದು ಎಂಬುದನ್ನು ಅದು ಕಲಿಸಿತು.

ಪಾಳಿಯ ದುಡಿಮೆಯೂ ವಿಷಮಾಶನವೂ

ಅಕಾಲದಲ್ಲಿ ಉಣ್ಣುವುದು, ಒಮ್ಮೆ ಅತಿ ಕಡಿಮೆ ಮತ್ತೊಮ್ಮೆ ಅತಿ ಹೆಚ್ಚು ಉಣ್ಣುವುದು, ಇದನ್ನು ಶಾಸ್ತ್ರವು ವಿಷಮಾಶನವೆಂದು ಕರೆದು ರೋಗಮೂಲವೆಂದು ಎಣಿಸಿದೆ. ಬೆಳಗಿನ 6ರ ಪಾಳಿಗೆ ಬರಿಯ ಹೊಟ್ಟೆಯಲ್ಲಿ ಹೋಗಿ, 10ಕ್ಕೆ ಚಹಾ ಮತ್ತು ಬನ್ನು ತಿಂದು, 3ಕ್ಕೆ ಮನೆಗೆ ಬಂದು ತಟ್ಟೆ ತುಂಬ ಉಂಡು ಮಲಗುವವರು ತಾವು ಒಂದು ಹೊತ್ತು ಉಪವಾಸ ಮಾಡುತ್ತಿದ್ದೇವೆಂದು ಭಾವಿಸುತ್ತಾರೆ. ಅದು ಉಪವಾಸವಲ್ಲ, ವಿಷಮಾಶನ. ಉಪವಾಸವೆಂಬ ಪದಕ್ಕೆ ಸಮೀಪದಲ್ಲಿ ವಾಸಿಸುವುದೆಂದು ಅರ್ಥ. ಸಂಕಲ್ಪವೂ ವಿಶ್ರಾಂತಿಯೂ ಇಲ್ಲದೆ ಕೇವಲ ಊಟ ತಪ್ಪಿದರೆ ಆ ಹೆಸರು ಸಲ್ಲದು.

ರಾತ್ರಿ ಪಾಳಿಯವರ ಸ್ಥಿತಿ ಇನ್ನೂ ಕಠಿಣ. ಬೆಳಗ್ಗೆ 6ಕ್ಕೆ ಬಿಟ್ಟು ದಾರಿಯ ದರ್ಶಿನಿಯಲ್ಲಿ ಇಡ್ಲಿ ವಡೆ, ಖಾರಾಬಾತ್ ತಿಂದು ಮನೆಗೆ ಬಂದು ಮಲಗುತ್ತಾರೆ. ಹಗಲು ನಿದ್ರೆ ಕಫವನ್ನೂ ಮೇದಸ್ಸನ್ನೂ ಬೆಳೆಸುತ್ತದೆಂದು ಶಾಸ್ತ್ರ ಹೇಳುತ್ತದೆ. ಆದರೆ ರಾತ್ರಿ ಎಚ್ಚರವಿದ್ದವರು ನಿದ್ದೆಗೆಟ್ಟ ಕಾಲದ ಅರ್ಧದಷ್ಟು ಹೊತ್ತು ಬೆಳಗ್ಗೆ, ಅದೂ ಊಟ ಮಾಡದೆ, ಮಲಗಬೇಕೆಂದು ವಾಗ್ಭಟರು ಸೂಚಿಸಿದ್ದಾರೆ. ಕಾರ್ಖಾನೆಗಳಿಲ್ಲದ ಕಾಲದ ಈ ಸಲಹೆ ಇಂದಿನ ರಾತ್ರಿ ಪಾಳಿಗೆ ಹೇಳಿಮಾಡಿಸಿದಂತಿದೆ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳದವರು ಬೆಳಗ್ಗೆ ಒಂದು ಲೋಟ ತಿಳಿ ಮಜ್ಜಿಗೆ ಕುಡಿದು ಮಲಗಿ, ಎದ್ದ ಮೇಲೆ ಮುಖ್ಯ ಊಟ ಮಾಡಿದರೆ ಅನೇಕರಿಗೆ ಅದೊಂದೇ ಸಾಕಾಗುತ್ತದೆ.

ಪ್ರಾಣಾಪಾಯದ ಎಚ್ಚರಿಕೆ

ಹಿಂದೊಮ್ಮೆ ಶ್ರಾವಣದಲ್ಲಿ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ ಒಬ್ಬ ಯಂತ್ರಚಾಲಕರು ಬೆಳಗ್ಗೆ ಎಂದಿನಂತೆ ಮಾತ್ರೆಯನ್ನು ತೆಗೆದುಕೊಂಡು ಉಪವಾಸದಲ್ಲಿಯೇ ಕೆಲಸಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿ, ಬೆವೆತು, ತಿರುಗುತ್ತಿದ್ದ ಯಂತ್ರದ ಪಕ್ಕದಲ್ಲಿಯೇ ಕುಸಿದರು. ಜೊತೆಗಾರರು ಸಕಾಲದಲ್ಲಿ ಹಿಡಿದುಕೊಂಡು, ಎಚ್ಚರವಿದ್ದಾಗಲೇ ಸಕ್ಕರೆ ನೀರು ಕುಡಿಸಿದ್ದರಿಂದ ಜೀವ ಉಳಿಯಿತು, ಕೈಯೂ ಉಳಿಯಿತು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂತಹ ಮಾತ್ರೆಗಳೂ ಇನ್ಸುಲಿನ್ನೂ ಊಟವಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಳಸುವವರಲ್ಲಿ ದೀರ್ಘ ಉಪವಾಸವು ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸಬಲ್ಲದು. ಸಕ್ಕರೆಯ ಮಟ್ಟ ಬಹಳ ಏರದೆಯೂ ಇದು ಸಂಭವಿಸುತ್ತದೆ. ಇಂಥವರು ಔಷಧಿಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ತಾವಾಗಿಯೇ ಮಾತ್ರೆ ಬಿಟ್ಟು ಚೂರ್ಣ, ಕಷಾಯಗಳನ್ನು ಹಿಡಿಯುವುದೂ ಸಲ್ಲದು.

ನಡುಕ, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಕಂಡರೆ ಅಥವಾ ಪರೀಕ್ಷೆಯಲ್ಲಿ ಸಕ್ಕರೆ 70ಕ್ಕಿಂತ ಕಡಿಮೆ ಬಂದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗವಾಯಿತೆಂದು ಆ ಹೊತ್ತಿನಲ್ಲಿ ಯಾರೂ ಹಿಂಜರಿಯಬಾರದು.

ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು, ಮೂತ್ರಪಿಂಡದ ರೋಗಿಗಳು, ಕ್ಷಯ ಮತ್ತು ಮೂರ್ಛೆರೋಗಕ್ಕೆ ಔಷಧಿ ಸೇವಿಸುವವರು ಲಂಘನಕ್ಕೆ ಯೋಗ್ಯರಲ್ಲ. ಗೌಟ್ ಇರುವವರಲ್ಲಿ ಉಪವಾಸದಿಂದ ಯೂರಿಕ್ ಆಮ್ಲ ಏರಿ ಕೀಲುನೋವು ಕೆರಳಬಹುದು. ಅತಿ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವವಿದೆ. ಕುಲುಮೆ, ಇಸ್ತ್ರಿ ವಿಭಾಗ ಮೊದಲಾದ ಬಿಸಿಯ ಜಾಗದಲ್ಲಿ ದುಡಿಯುವವರು ನೀರನ್ನೂ ಬಿಡುವ ಉಪವಾಸವನ್ನು ಎಂದೂ ಮಾಡಬಾರದು. ಪೀಣ್ಯದಿಂದ ಮುಂದೆ ಅದೇ ತುಮಕೂರು ರಸ್ತೆಯಲ್ಲಿರುವ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆಯಂತಹ ಕಡೆ ದೀರ್ಘ ಉಪವಾಸ ಮಾಡಿಸುವುದು ನಿಜ. ಆದರೆ ಅಲ್ಲಿ ರೋಗಿ ಒಳಗೆ ತಂಗಿದ್ದು ವಿಶ್ರಾಂತಿಯಲ್ಲಿರುತ್ತಾರೆ, ವೈದ್ಯರ ಕಣ್ಗಾವಲಿರುತ್ತದೆ. ಎಂಟು ಗಂಟೆ ನಿಂತು ದುಡಿಯುತ್ತಾ ಮನೆಯಲ್ಲಿ ಅದನ್ನು ಅನುಕರಿಸಲಾಗದು.

ಅನುಸರಿಸಬಹುದಾದ ಕ್ರಮ

1. ಆರಂಭಕ್ಕೆ ಮುನ್ನ ರಕ್ತದೊತ್ತಡ, ರಕ್ತದ ಸಕ್ಕರೆ, ತೂಕ, ಸೊಂಟದ ಅಳತೆ ಇವನ್ನು ಬರೆದಿಡಿ.

2. ವಾರಕ್ಕೆ ಒಂದು ದಿನ ಸಾಕು. ಅದು ವಾರದ ರಜೆಯ ದಿನವಾಗಿರಲಿ. ರಾತ್ರಿ ಪಾಳಿಯ ವಾರದಲ್ಲಿ ಬೇಡ. ಸೋಮವಾರದ ನಿಷ್ಠೆಯಿರುವವರು ಅಂದು ಒಂದು ಹೊತ್ತು ಹಗುರವಾದ ಪ್ರಸಾದವನ್ನು ಸ್ವೀಕರಿಸಿ ಕೆಲಸಕ್ಕೆ ಹೋಗಲಿ.

3. ಲಂಘನದ ದಿನ ಬಿಸಿನೀರು, ಉಪ್ಪು ಹಾಕಿದ ತಿಳಿ ಮಜ್ಜಿಗೆ, ಹೆಸರುಕಟ್ಟು ಅಥವಾ ತೆಳು ಗಂಜಿ ಇರಲಿ. ರಕ್ತದೊತ್ತಡವಿರುವವರಿಗೆ ಉಪ್ಪು ಬೇಡ. ಜೇನು ಬಳಸುವವರು ಅದನ್ನು ತಣ್ಣೀರಿನಲ್ಲಿ ಬಳಸಬೇಕು. ಬಿಸಿಯೊಂದಿಗೆ ಜೇನು ಆಯುರ್ವೇದಕ್ಕೆ ಸಮ್ಮತವಲ್ಲ. ಸಕ್ಕರೆ ಕಾಯಿಲೆಯವರಿಗೆ ಜೇನೂ ಬೇಡ.

4. ಮರುದಿನ ಗಂಜಿಯಿಂದ ಆರಂಭಿಸಿ ಮಧ್ಯಾಹ್ನ ಎಂದಿನ ಅಳತೆಯ ಊಟ. ಶೋಧನದ ನಂತರ ಪೇಯ, ವಿಲೇಪಿ, ಯೂಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ಬರುವ ಸಂಸರ್ಜನ ಕ್ರಮದ ತತ್ತ್ವವೇ ಇಲ್ಲಿಯೂ ಇದೆ.

5. ಉಳಿದ ದಿನಗಳಲ್ಲಿ ರೊಟ್ಟಿ, ಮುದ್ದೆ, ನವಣೆ, ಕಾಳು, ಸೊಪ್ಪು ಹೆಚ್ಚಲಿ. ಅನ್ನ, ಸಕ್ಕರೆ, ಕರಿದದ್ದು, ದಿನಕ್ಕೆ ನಾಲ್ಕೈದು ಸಿಹಿ ಚಹಾ ಇಳಿಯಲಿ. 6ರ ಪಾಳಿಗೆ ಹೋಗುವವರು ಹೊರಡುವ ಮುನ್ನ ರಾಗಿ ಅಂಬಲಿ ಕುಡಿಯಲಿ.

6. ದಿನಕ್ಕೆ 40 ನಿಮಿಷದ ನಡಿಗೆ, ಜೊತೆಗೆ ಕೈಕಾಲುಗಳ ಬಲ ಹೆಚ್ಚಿಸುವ ವ್ಯಾಯಾಮ ಇರಲಿ. ಇಲ್ಲವಾದರೆ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ.

7. ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಸಾಕು.

ಲಂಘನ ಸರಿಯಾಗಿ ಆಗಿದೆಯೆಂಬುದರ ಲಕ್ಷಣಗಳನ್ನೂ ಚರಕರು ಹೇಳಿದ್ದಾರೆ. ಮಲಮೂತ್ರಗಳು ಸರಾಗವಾಗುತ್ತವೆ, ಮೈ ಹಗುರವಾಗುತ್ತದೆ, ಜಡತೆ ಹೋಗುತ್ತದೆ, ಬಾಯಿಗೆ ರುಚಿ ಬರುತ್ತದೆ, ಹಸಿವೂ ಬಾಯಾರಿಕೆಯೂ ಒಟ್ಟಿಗೆ ಮೂಡುತ್ತವೆ. ಕೀಲುಗಳು ನೋಯುವುದು, ಕೆಮ್ಮು, ಬಾಯಿ ಒಣಗುವುದು, ಹಸಿವೇ ಇಲ್ಲವಾಗುವುದು, ಕಣ್ಣು ಕಿವಿ ಮಂದವಾಗುವುದು ಇವು ಅತಿಯಾಯಿತೆಂಬ ಸೂಚನೆಗಳು. ಅಂದೇ ನಿಲ್ಲಿಸಬೇಕು.

ಪ್ರಸಾದ ಮತ್ತು ಕಾಯಕ

ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿದೆ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಪದಾರ್ಥವನ್ನು ಹೆಚ್ಚು ನೀಡಿಸಿಕೊಂಡು ಕೆಡಿಸಬಾರದೆಂಬ ನಿಯಮವೇ ಮಿತಾಹಾರದ ಪಾಠ. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ ನೂರಹನ್ನೊಂದು ವರ್ಷಗಳ ತುಂಬು ಜೀವನವನ್ನು ನಡೆಸಿದರು. ಸಾವಿರಾರು ಮಕ್ಕಳಿಗೆ ದಾಸೋಹ ನಡೆಸಿದ ಆ ಮಹಾಚೇತನದ ಸ್ವಂತ ಆಹಾರ ಹಿತಮಿತವಾಗಿತ್ತು, ಹೊತ್ತು ತಪ್ಪುತ್ತಿರಲಿಲ್ಲ. ಆ ದಿನಚರಿಯಿಂದ ನಾವು ಕಲಿಯಬೇಕಾದುದು ನಿತ್ಯದ ಮಿತಿಯನ್ನು.

ಶರಣಧರ್ಮದಲ್ಲಿ ಕಾಯಕವೇ ಪೂಜೆ. ಕಾಯಕವನ್ನು ಮಾಡುವುದು ಕಾಯದಿಂದ. ಯಂತ್ರದ ಮುಂದೆ ಕೈ ನಡುಗುವಂತೆ ಮಾಡುವ ಉಪವಾಸವು ಆ ಪೂಜೆಗೇ ಭಂಗ ತರುತ್ತದೆ. ಈ ಶ್ರಾವಣದಲ್ಲಿ ಸಂಕಲ್ಪ ಮಾಡುವ ಸದ್ಭಕ್ತರು ಸೋಮವಾರದ ಜೊತೆಗೆ ಮಂಗಳವಾರದ ತಟ್ಟೆಯನ್ನೂ ಗಮನಿಸಲಿ. ಮಧುಮೇಹಕ್ಕೆ ಔಷಧಿ ಸೇವಿಸುವವರು ಶ್ರಾವಣ ಬರುವ ಮೊದಲೇ ತಮ್ಮ ವೈದ್ಯರನ್ನು ಕಾಣಲಿ.